ಭೂ ನ್ಯಾಯಮಂಡಳಿಯ ಹಳೇ ಆದೇಶ, ಹೊಸ ಗಡಿ ಜಗಳ: ಸಂವಿಧಾನದ ಮಾತು ಎಲ್ಲಿ ಬರುತ್ತದೆ?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ನಮ್ಮ ತಾತ ಗೇಣಿಗೆ ಮಾಡುತ್ತಿದ್ದ ಗದ್ದೆ, ಅದರ ಮೇಲಿನ ಹಕ್ಕಲು (ಗದ್ದೆಯಲ್ಲದ ಒಣ ಜಾಗ) ಸೇರಿ 3 ಎಕರೆ 20 ಗುಂಟೆ 1981ರಲ್ಲಿ ಭೂ ನ್ಯಾಯಮಂಡಳಿಯಲ್ಲಿ ಅವರ ಹೆಸರಿಗೆ ಆಯಿತು. ಆ ಹಕ್ಕಿನ ಪತ್ರ, ಫಾರಂ 10, ಇದೆ, ಪಹಣಿ ಬರುತ್ತಿದೆ. ಪೋಡಿ (ಅಳೆದು ಬೇರೆ ಮಾಡಿ ಪ್ರತ್ಯೇಕ ನಂಬರು ಕೊಡುವುದು) ಆಗಿಲ್ಲ. ಮೇಲಿನ ಕಾಫಿ ತೋಟ ಹಳೇ ಒಡೆಯರ ಮೊಮ್ಮಗನದು. ಎರಡರ ನಡುವೆ ಅರ್ಧ ಎಕರೆಯಷ್ಟು ಜಾಗದಲ್ಲಿ ನಾವೇ ನೆಟ್ಟ ಸಿಲ್ವರ್ ಓಕ್, ಮೆಣಸಿನ ಬಳ್ಳಿ ಇವೆ. ಈ ಬೇಸಿಗೆಯಲ್ಲಿ ಅವರು ಜೆಸಿಬಿ ತಂದು ಕೆಳಗಡೆಯಿಂದ ಅಗಳು (ಗಡಿ ಕಂದಕ) ಹೊಡೆಸಿ ಅದನ್ನು ತಮ್ಮ ಕಡೆಗೆ ಹಾಕಿಕೊಂಡರು. ಕೇಳಿದರೆ, "ನ್ಯಾಯಮಂಡಳಿಗಳೇ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ನಿಮ್ಮ ಫಾರಂ 10 ಲೆಕ್ಕಕ್ಕಿಲ್ಲ" ಅನ್ನುತ್ತಾರೆ. ಬೇರೆಯವರು ಬೆಂಗಳೂರಿನ ಭೂಕಬಳಿಕೆ ಕೋರ್ಟಿಗೆ ಹೋಗಿ ಅನ್ನುತ್ತಾರೆ. ಯಾವುದು ಸರಿ ಸರ್?

ಉತ್ತರ: ನಿಮ್ಮ ಫಾರಂ 10 ಬಿದ್ದುಹೋಗಿಲ್ಲ. ಪಕ್ಕದ ತೋಟದವರು ಎಲ್ಲೋ ಓದಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ನಿಮ್ಮ ಮಂಡಳಿಯ ವಿಷಯವಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಅರ್ಧ ಎಕರೆಯ ಜಗಳ ಸಂವಿಧಾನದ ಜಗಳವೇ ಅಲ್ಲ. ಜಮೀನು ಯಾರದು ಎಂದು ಮಂಡಳಿ 1981ರಲ್ಲೇ ಹೇಳಿದೆ. ಅದರ ಗೆರೆ ಎಲ್ಲಿ ಎಂದು ಯಾರೂ ಇನ್ನೂ ಹೇಳಿಲ್ಲ. ಈ ಎರಡನ್ನೂ ಬೆರೆಸಿ ಮಾತಾಡಿದರೆ ಲಾಭ ಅವರಿಗೇ.

ಮೊದಲು ಸುಪ್ರೀಂ ಕೋರ್ಟಿನ ಮಾತು. 2014ರಲ್ಲಿ ಅದು ರಾಷ್ಟ್ರೀಯ ತೆರಿಗೆ ನ್ಯಾಯಮಂಡಳಿಯ ಕಾಯ್ದೆಯನ್ನು ರದ್ದು ಮಾಡಿತು. ಹೈಕೋರ್ಟಿನ ಕೈಯಲ್ಲಿದ್ದ ಮೇಲ್ಮನವಿಯ ಕೆಲಸವನ್ನು ಕಿತ್ತು ಸರ್ಕಾರದ ಹಿಡಿತ ಇರುವ ಮಂಡಳಿಗೆ ಕೊಟ್ಟದ್ದು ತಪ್ಪು ಎಂದಿತು. 2025ರ ನವೆಂಬರಿನಲ್ಲಿ, 2021ರ ನ್ಯಾಯಮಂಡಳಿ ಸುಧಾರಣಾ ಕಾಯ್ದೆಯ ಮುಖ್ಯ ಕಲಮುಗಳನ್ನೂ ಹೊಡೆದುಹಾಕಿತು. ಅಲ್ಲಿನ ಪ್ರಶ್ನೆ ಸದಸ್ಯರ ನೇಮಕ ಹೇಗೆ, ಅವಧಿ ಎಷ್ಟು ವರ್ಷ, ಸರ್ಕಾರದ ಕೈ ಎಷ್ಟು ದೂರ ಇರಬೇಕು ಎಂಬುದು. ಅದೂ ಕೇಂದ್ರದ ಕಾನೂನುಗಳ ಕೆಳಗಿನ ಮಂಡಳಿಗಳಲ್ಲಿ. ಮಂಡಳಿಗಳೇ ಇರಬಾರದು ಎಂದು ಎರಡೂ ತೀರ್ಪುಗಳಲ್ಲಿ ಇಲ್ಲ. ಸಕಲೇಶಪುರದ ಭೂ ನ್ಯಾಯಮಂಡಳಿ 1981ರಲ್ಲಿ ಬರೆದ ಆದೇಶಕ್ಕೆ ಅವು ತಗಲುವುದೂ ಇಲ್ಲ.

ನಿಮ್ಮ ಮಂಡಳಿ ಹುಟ್ಟಿದ್ದೇ ಬೇರೆ ಕಡೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದಿಗೆ ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ 7 ಹಾಕಿ ಅಧಿಭೋಗದ ಹಕ್ಕು, ಅಂದರೆ ಜಮೀನು ತಮ್ಮ ಹೆಸರಿಗೆ ಆಗುವ ಹಕ್ಕು, ಕೇಳಬೇಕಿತ್ತು. ಕೊನೆಯ ದಿನವನ್ನು ಮುಂದೆ ಹಾಕುತ್ತಾ 1979ರ ಜೂನ್ 30ಕ್ಕೆ ತಂದು ನಿಲ್ಲಿಸಿದರು. ಅರ್ಜಿ ತೀರ್ಮಾನಿಸಲು 48ನೇ ಕಲಮಿನಲ್ಲಿ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ಹೆಸರಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು.

ಕೋರ್ಟಿಗೇ ಯಾಕೆ ಕೊಡಲಿಲ್ಲ ಎಂದು ಈಗಿನವರು ಕೇಳುತ್ತಾರೆ. ಗೇಣಿಗೆ ಕಾಗದ ಎಲ್ಲಿತ್ತು? ನಮ್ಮ ಕಡೆ ಜಾಸ್ತಿ ಬಾಯಿ ಮಾತಿನ ಗೇಣಿ. ಒಡೆಯರ ಮನೆಗೆ ಭತ್ತ ಅಳೆದು ಬಂದರೆ ಆಯಿತು, ರಸೀದಿ ಇಲ್ಲ. ಸಿವಿಲ್ ಕೋರ್ಟಿನ ಸಾಕ್ಷ್ಯದ ಪಟ್ಟಿಗೆ ಅಂಥ ಗೇಣಿದಾರ ನಿಲ್ಲುತ್ತಿರಲಿಲ್ಲ. ಊರಿನಲ್ಲಿ ಯಾರು ಉಳುತ್ತಿದ್ದರು ಎಂದು ಸ್ಥಳಕ್ಕೆ ಹೋಗಿ ಕೇಳಬಲ್ಲ ಮಂಡಳಿ ಬೇಕಿತ್ತು. ಹಾಗಂತ ಎಲ್ಲ ಚೆನ್ನಾಗಿತ್ತು ಅನ್ನಲಾರೆ. ನಾಲ್ವರ ಹೆಸರು ಬರುತ್ತಿದ್ದುದು ಆಳುವ ಪಕ್ಷದ ಕಡೆಯಿಂದ. ಎದುರಿನವನು ಇನ್ನೊಂದು ಪಕ್ಷದವನಾದರೆ ಏನಾಗುತ್ತಿತ್ತು ಎಂದು ನಮ್ಮ ಜಿಲ್ಲೆಯ ಹಿರಿಯರನ್ನು ಕೇಳಿ ನೋಡಿ. ಆ ಟೀಕೆ ನನಗೂ ಸರಿ ಅನ್ನಿಸುತ್ತದೆ.

ಜಮೀನುದಾರರು ಕಾಯ್ದೆಯನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು. ಶ್ರೀನಿವಾಸ ರಾಘವಾಚಾರ್ ವಿರುದ್ಧ ಕರ್ನಾಟಕ ರಾಜ್ಯ ಎಂಬ 1987ರ ತೀರ್ಪು ಅದು. ಕಾಯ್ದೆ ಉಳಿಯಿತು. ಭೂಸುಧಾರಣೆಯ ಕಾನೂನಿಗೆ ಸಂವಿಧಾನದ 31-ಎ ವಿಧಿಯ ರಕ್ಷಣೆ ಇರುವುದರಿಂದ, ಸಮಾನತೆಯ 14ನೇ ವಿಧಿ, 19ನೇ ವಿಧಿ ಹಿಡಿದು ಅದನ್ನು ಕೆಡವುವುದು ಸುಲಭವಲ್ಲ. ಒಂದು ಕಡೆ ಮಾತ್ರ ಸರ್ಕಾರ ಸೋತಿತು. ಮಂಡಳಿಯ ಮುಂದೆ ವಕೀಲರು ಬರಬಾರದು ಎಂಬ ಉಪಕಲಮು ನಿಲ್ಲಲಿಲ್ಲ. ವಕೀಲಿಕೆಯ ಹಕ್ಕು ಕೇಂದ್ರದ ಕಾನೂನಿನ ವಿಷಯ, ಅದಕ್ಕೆ ರಾಜ್ಯ ಅಡ್ಡ ಬರುವಂತಿಲ್ಲ ಎಂಬುದು ಕಾರಣ. ವಕೀಲರು ಬೇಡ ಅಂದಾಗ ಬಡ ಗೇಣಿದಾರನಿಗೆ ಅನುಕೂಲ ಎಂದು ಎಣಿಸಿದ್ದರು. ಆದರೆ ಒಡೆಯರ ಮನೆಯಲ್ಲಿ ಓದಿದವರು ಇರುತ್ತಿದ್ದರು, ಗೇಣಿದಾರನ ಮನೆಯಲ್ಲಿ ಇರುತ್ತಿರಲಿಲ್ಲ, ಅಲ್ವಾ?

ಇನ್ನೊಂದು ದೊಡ್ಡ ತಿರುವು 1997ರದು. ಅದಕ್ಕೆ ಮುಂಚೆ 42ನೇ ತಿದ್ದುಪಡಿ ಸಂವಿಧಾನಕ್ಕೆ 323-ಬಿ ವಿಧಿಯನ್ನು ಸೇರಿಸಿತ್ತು. ಭೂಸುಧಾರಣೆ, ಜಮೀನಿನ ಮಿತಿ ಮುಂತಾದ ವಿಷಯಗಳಿಗೆ ಶಾಸನಸಭೆ ಮಂಡಳಿ ಮಾಡಬಹುದು, ಹೈಕೋರ್ಟಿನ ಬಾಗಿಲನ್ನೂ ಮುಚ್ಚಬಹುದು ಎಂದು ಅಲ್ಲಿತ್ತು. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಬಾಗಿಲು ಮುಚ್ಚುವ ಭಾಗವನ್ನು ಕಿತ್ತುಹಾಕಿತು. 226, 227ನೇ ವಿಧಿಗಳ ಕೆಳಗೆ ಇಂಥ ಆದೇಶಗಳನ್ನು ಪರಿಶೀಲಿಸಲು ಹೈಕೋರ್ಟಿಗಿರುವ ಅಧಿಕಾರ ಸಂವಿಧಾನದ ಮೂಲ ರಚನೆಯ ಭಾಗ, ಅದನ್ನು ತಿದ್ದುಪಡಿಯಿಂದಲೂ ತೆಗೆಯಲಾಗದು ಎಂದಿತು. ಮಂಡಳಿಗಳು ಇರಲಿ, ಹೈಕೋರ್ಟಿನ ಕಣ್ಣಿನ ಕೆಳಗೆ ಇರಲಿ. ಇವತ್ತಿಗೂ ನಿಂತಿರುವ ಕಾನೂನು ಇದೇ.

ನಮ್ಮ ಕಡೆಯವರಿಗೆ ನಿಜವಾಗಿ ತೊಂದರೆ ಆದದ್ದು ಬೇರೆ. ಮಂಡಳಿಯ ಆದೇಶದ ಮೇಲೆ ಮೊದಲು ಮೇಲ್ಮನವಿ ಇರಲಿಲ್ಲ, ಹೈಕೋರ್ಟಿಗೆ ನೇರವಾಗಿ ಹಾಕುವ ರಿಟ್ ಅರ್ಜಿ ಮಾತ್ರ. 1986ರಲ್ಲಿ ಜಿಲ್ಲೆಯ ಮಟ್ಟದಲ್ಲಿ ಮೇಲ್ಮನವಿ ಪ್ರಾಧಿಕಾರ ಬಂತು. ಜನ ಅತ್ತ ತಿರುಗುವಷ್ಟರಲ್ಲಿ 1990ರಲ್ಲಿ ಅದನ್ನು ತೆಗೆದೂಬಿಟ್ಟರು. ಕಡತಗಳು ಅತ್ತಿತ್ತ ಓಡಾಡಿದವು. ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟ್ ಪೀಠ ಬಂದರೂ ಹಾಸನ, ಚಿಕ್ಕಮಗಳೂರಿನವರಿಗೆ ಬೆಂಗಳೂರೇ ಗತಿ. ಎರಡು ಎಕರೆ ಗದ್ದೆಯವನು ಒಂದು ಸಂಗತಿಯ ತಪ್ಪು ತಿದ್ದಿಸಲು ರಿಟ್ ಹಾಕಬೇಕಾಗಿ ಬಂತು. ರಿಟ್‌ನಲ್ಲಿ ಕೋರ್ಟು ಸಾಕ್ಷಿಗಳನ್ನು ಹೊಸದಾಗಿ ತೂಗುವುದಿಲ್ಲ, ವಿಚಾರಣೆ ನೆಟ್ಟಗೆ ನಡೆಯಿತೋ ಇಲ್ಲವೋ ಅಷ್ಟೇ ನೋಡುತ್ತದೆ. ಆ ಪ್ರಾಧಿಕಾರವನ್ನು ಉಳಿಸಿಕೊಂಡಿದ್ದರೆ ಎಷ್ಟೋ ಕೇಸು ಜಿಲ್ಲೆಯಲ್ಲೇ ಮುಗಿಯುತ್ತಿದ್ದವು ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮಂಡಳಿ ರಚನೆಯಾದದ್ದೇ ಸರಿಯಿಲ್ಲ ಎಂದು ಯಾರಾದರೂ ನಾಳೆ ಗೆದ್ದರೂ ನಿಮ್ಮ ಆದೇಶ ತಾನಾಗಿ ಸಾಯುವುದಿಲ್ಲ. ಗೋಕರಾಜು ರಂಗರಾಜು ಪ್ರಕರಣದಲ್ಲಿ, ಅದೂ 1981ರದೇ, ನೇಮಕವೇ ರದ್ದಾದ ನ್ಯಾಯಾಧೀಶರು ಅದಕ್ಕೂ ಮುಂಚೆ ಬರೆದ ತೀರ್ಪುಗಳು ಉಳಿಯುತ್ತವೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 1991ರಲ್ಲಿ ಗುರುದೇವ್ ಸಿಂಗ್ ಪ್ರಕರಣದಲ್ಲಿ ಇನ್ನೊಂದು ಮಾತು ಬಂತು. ಆದೇಶ ಅಸಿಂಧು ಎಂದು ನಂಬಿದವನೂ ಕಾಲಮಿತಿಯೊಳಗೆ ಕೋರ್ಟಿಗೆ ಹೋಗಿ ಹಾಗೆ ಅನ್ನಿಸಿಕೊಳ್ಳಬೇಕು. ಮನೆಯಲ್ಲಿ ಕೂತು "ಅದು ಲೆಕ್ಕಕ್ಕಿಲ್ಲ" ಅಂದರೆ ಆಗದು. ಸಿವಿಲ್ ಕೋರ್ಟಿನಲ್ಲಿ ಮಂಡಳಿಯ ತೀರ್ಮಾನವನ್ನು ಪ್ರಶ್ನಿಸುವಂತಿಲ್ಲ ಎಂದು ಭೂಸುಧಾರಣಾ ಕಾಯ್ದೆಯ 132ನೇ ಕಲಮು ಹೇಳುತ್ತದೆ. ಅವರಿಗೆ ಉಳಿದ ದಾರಿ ರಿಟ್ ಒಂದೇ. ನಲವತ್ತು ವರ್ಷ ಸುಮ್ಮನಿದ್ದು ಈಗ ಬಂದೆ ಅಂದರೆ ಹೈಕೋರ್ಟ್ ಮೊದಲು ಕೇಳುವುದು ತಡ ಯಾಕೆ ಎಂದೇ.

ಆದರೂ ಒಂದು ಜಾಗದಲ್ಲಿ ಹುಷಾರಾಗಿರಿ. ಅವರ ಮನೆಯ ಪಾಲುದಾರರಲ್ಲಿ ಯಾರಿಗಾದರೂ ನೋಟೀಸೇ ಹೋಗಿರದಿದ್ದರೆ, ಆದೇಶ ಆಗುವಾಗ ತೀರಿಕೊಂಡಿದ್ದವರ ಹೆಸರಲ್ಲಿ ಆದೇಶ ಆಗಿದ್ದರೆ, ಅಥವಾ ಕಾರಣವನ್ನೇ ಬರೆಯದೆ "ಅರ್ಜಿ ಮಂಜೂರು" ಎಂದು ಎರಡು ಸಾಲು ಗೀಚಿದ್ದರೆ ಅವರಿಗೆ ವಾದ ಸಿಗುತ್ತದೆ. ಇಂಥ ಆದೇಶಗಳನ್ನು ಹೈಕೋರ್ಟ್ ರದ್ದು ಮಾಡಿ ಮತ್ತೆ ವಿಚಾರಣೆ ಮಾಡಿ ಎಂದು ವಾಪಸು ಕಳಿಸಿದ್ದು ಉಂಟು. ಹಾಗಾಗಿ ತಡ ಮಾಡದೆ ಮಂಡಳಿಯ ಕಡತದ ದೃಢೀಕೃತ ನಕಲು ತೆಗೆಸಿ. ಫಾರಂ 7, ನೋಟೀಸು ಜಾರಿಯಾದ ಕಾಗದ, ಹೇಳಿಕೆಗಳು, ಆದೇಶ, ಎಲ್ಲವೂ ಬೇಕು. ಒಡೆಯರ ಕಡೆಯವರು ಬಂದು ಹೇಳಿಕೆ ಕೊಟ್ಟು ಸಹಿ ಹಾಕಿದ ಹಾಳೆ ಒಂದು ಸಿಕ್ಕರೆ ಅರ್ಧ ಭಯ ಅಲ್ಲಿಗೇ ಮುಗಿಯಿತು. ರೆಕಾರ್ಡ್ ರೂಮಿನಲ್ಲಿ "ಕಡತ ಲಭ್ಯವಿಲ್ಲ" ಅಂದರೆ ಅದನ್ನೇ ಹಿಂಬರಹ ಕೊಡಿ ಎಂದು ಕೇಳಿ ಬರೆಸಿಕೊಳ್ಳಿ.

ಇನ್ನು ಗೆರೆ. ಎಷ್ಟೋ ಮಂಡಳಿ ಆದೇಶಗಳಲ್ಲಿ ಇರುವುದು ಸರ್ವೆ ನಂಬರು ಮತ್ತು ವಿಸ್ತೀರ್ಣ ಅಷ್ಟೇ. ದೊಡ್ಡ ಸರ್ವೆ ನಂಬರಿನಲ್ಲಿ "3 ಎಕರೆ 20 ಗುಂಟೆ" ಎಂದು ಬರೆದರು. ಯಾವ ಮೂಲೆಯ 3 ಎಕರೆ 20 ಗುಂಟೆ? ನಕ್ಷೆ ಇಲ್ಲ, ಚೆಕ್ಕುಬಂದಿಯೂ (ನಾಲ್ಕು ಕಡೆಯ ಗಡಿಯ ವಿವರ) ಅರೆಬರೆ. ಪೋಡಿ ಆಗದೆ ಉಳಿದದ್ದರಿಂದ ನಿಮ್ಮ ಜಮೀನು ಕಾಗದದಲ್ಲಿ ಇನ್ನೂ ಆ ದೊಡ್ಡ ನಂಬರಿನ ಒಳಗೇ ತೇಲುತ್ತಿದೆ. ಮಲೆನಾಡಿನ ಗಡಿ ಜಗಳಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಗದ್ದೆಗೆ ಬದು ಇರುತ್ತದೆ, ತಕರಾರಿಲ್ಲ. ಮೇಲಿನ ಹಕ್ಕಲು, ತೋಟದ ಅಂಚು, ಹಳ್ಳದ ದಡ, ಅಲ್ಲಿ ಅಳತೆಯೂ ಇಲ್ಲ, ಕಲ್ಲೂ ಇಲ್ಲ. ಕಾಫಿಗೆ, ಮೆಣಸಿಗೆ ರೇಟು ಬಂದ ವರ್ಷ ಜಗಳ ಏಳುತ್ತದೆ.

ಇಲ್ಲಿ ನಿಮಗೆ ಅನುಕೂಲವಾಗುವ, ಬಹಳ ಜನ ಗಮನಿಸದ ಒಂದು ಅವಕಾಶ ಭೂಸುಧಾರಣಾ ಕಾಯ್ದೆಯ 48-ಎ ಕಲಮಿನಲ್ಲೇ ಇದೆ. ಮಂಡಳಿ ತನ್ನ ಆದೇಶದಲ್ಲಿನ ವಿಸ್ತೀರ್ಣವನ್ನು ಸ್ಥಳದಲ್ಲಿ ಅಳತೆ ಮಾಡಿಸಿ, ಸಂಬಂಧಪಟ್ಟವರಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟು, ಕಾರಣ ಬರೆದು ತಿದ್ದಬಹುದು. ನಿಮ್ಮ ತಾತ ನಿಜವಾಗಿ ಉಳುತ್ತಿದ್ದುದು 4 ಎಕರೆ, ಆದೇಶದಲ್ಲಿ 3 ಎಕರೆ 20 ಗುಂಟೆ ಬಂದಿದೆ ಎಂದು ಅಳತೆಯಲ್ಲಿ ಕಂಡರೆ ಕೇಳಬಹುದಾದ ಜಾಗ ಇದು. ಎರಡು ಎಚ್ಚರಿಕೆ. ವಿಸ್ತೀರ್ಣ ತಿದ್ದುವ ನೆಪದಲ್ಲಿ ಮಂಡಳಿ ಹೊಸ ಜಮೀನು ಕೊಡುವಂತಿಲ್ಲ. ಇನ್ನು, ಮಂಡಳಿ ಈಗ ನಿಮ್ಮ ತಾಲ್ಲೂಕಿಗೆ ಕೂರುತ್ತಿದೆಯೇ ಎಂದು ಮೊದಲು ಅಸಿಸ್ಟೆಂಟ್ ಕಮಿಷನರ್ ಕಚೇರಿಯಲ್ಲಿ ವಿಚಾರಿಸಿ.

ಅದಕ್ಕೂ ಮುಂಚೆ ಅಳತೆ ಆಗಲಿ. ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಅರ್ಜಿ ಹಾಕಿ, ಜೊತೆಗೆ ಪೋಡಿಗೂ ಹಾಕಿ. ಮೂಲ ಟಿಪ್ಪಣಿ (ಹಳೇ ಅಳತೆಯ ಚಿತ್ರ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಬರೆದ ದಾಖಲೆ), ಊರ ನಕ್ಷೆಗಳ ನಕಲು ಕೈಯಲ್ಲಿರಲಿ. ಸರ್ವೆಯವರು ಬರುವ ದಿನ ಅಕ್ಕಪಕ್ಕದ ಎಲ್ಲ ಹಿಡುವಳಿದಾರರಿಗೆ ನೋಟೀಸು ಹೋಗಿದೆಯೇ ಎಂದು ನೀವೇ ನೋಡಿಕೊಳ್ಳಿ. ನೋಟೀಸಿಲ್ಲದೆ ಮಾಡಿದ ಅಳತೆಯನ್ನು ಮುಂದೆ ಕೋರ್ಟಿನಲ್ಲಿ ಒಂದೇ ಪ್ರಶ್ನೆಯಲ್ಲಿ ಕೆಡವಬಹುದು. ಹಳೇ ಬಾಂದು ಕಲ್ಲು ಎಲ್ಲಾದರೂ ಕಾಫಿ ಗಿಡಗಳ ನಡುವೆ ಹೂತಿದ್ದರೆ ತೋರಿಸಿ, ಫೋಟೋ ತೆಗೆಸಿ. ಅಳತೆ ನಿಮಗೆ ಒಪ್ಪದಿದ್ದರೆ ಇಲಾಖೆಯ ಒಳಗೇ ಮೇಲ್ಮನವಿ ಇದೆ. ಅಷ್ಟಾದರೂ ಒಂದು ಮಾತು ನೆನಪಿರಲಿ, ಸರ್ವೆ ಸ್ಕೆಚ್ಚು ಗೆರೆ ತೋರಿಸುತ್ತದೆ, ಮಾಲೀಕತ್ವ ಕೊಡುವುದಿಲ್ಲ. ಪಹಣಿಯೂ ಅಷ್ಟೇ.

ಎದುರಿನವರು ಅಳತೆಗೆ ಬಗ್ಗದಿದ್ದರೆ ಸಿವಿಲ್ ಕೋರ್ಟು. "132ನೇ ಕಲಮು ಸಿವಿಲ್ ಕೋರ್ಟನ್ನು ತಡೆಯುತ್ತದೆ ಅಂದಿರಲ್ಲ?" ಎಂದು ನೀವು ಕೇಳಬಹುದು. ತಡೆ ಇರುವುದು ಮಂಡಳಿ ತೀರ್ಮಾನಿಸುವ ಪ್ರಶ್ನೆಗೆ ಮಾತ್ರ. "ನಿಮ್ಮ ತಾತ ಗೇಣಿದಾರನೇ ಅಲ್ಲ" ಎಂದು ಅವರು ವಾದಿಸಿದರೆ ಕೋರ್ಟು ಅದರೊಳಗೆ ಹೋಗದು. "ಈ ಅರ್ಧ ಎಕರೆ ನಿಮ್ಮ 3 ಎಕರೆ 20 ಗುಂಟೆಯ ಒಳಗೆ ಬರುವುದಿಲ್ಲ" ಅಂದರೆ ಅದು ಪೂರ್ತಿ ಸಿವಿಲ್ ಕೋರ್ಟಿನ ಪ್ರಶ್ನೆ. ವಿಶೇಷ ಕಾನೂನು ತಡೆ ಹಾಕಿದಾಗ ಸಿವಿಲ್ ಕೋರ್ಟಿಗೆ ಏನು ಉಳಿಯುತ್ತದೆ ಎಂಬುದಕ್ಕೆ 1968ರ ಧೂಲಾಭಾಯಿ ತೀರ್ಪನ್ನು ಇಂದಿಗೂ ಓದುತ್ತೇವೆ. ಮಂಡಳಿ ಯಾವ ಪರಿಹಾರವನ್ನು ಕೊಡಲಾರದೋ ಅದಕ್ಕೆ ಕೋರ್ಟಿನ ಬಾಗಿಲು ತೆರೆದೇ ಇರುತ್ತದೆ ಎಂಬುದು ಅದರ ಒಂದು ಮುಖ್ಯ ಎಳೆ.

ದಾವೆ ಹೇಗೆ ಹಾಕುತ್ತೀರಿ ಎಂಬುದೂ ಮುಖ್ಯ. ನಮ್ಮಲ್ಲಿ ಬರೀ ತಡೆಯಾಜ್ಞೆ ಕೇಳುವ ಅಭ್ಯಾಸ ಜಾಸ್ತಿ, ಕೋರ್ಟ್ ಫೀ ಕಮ್ಮಿ ಅಂತ. ಹಕ್ಕಿನ ಮೇಲೆಯೇ ಅನುಮಾನ ಎಬ್ಬಿಸಿದಾಗ ಬರೀ ತಡೆಯಾಜ್ಞೆಯ ದಾವೆ ಸಾಲದು, ಹಕ್ಕಿನ ಘೋಷಣೆ ಕೇಳಬೇಕು, ಸ್ವಾಧೀನ ಹೋಗಿದ್ದರೆ ಸ್ವಾಧೀನವನ್ನೂ ಕೇಳಬೇಕು ಎಂದು 2008ರ ಅನಾತುಲ ಸುಧಾಕರ್ ತೀರ್ಪು ಬಿಡಿಸಿ ಹೇಳಿದೆ. ನಿಮ್ಮದರಲ್ಲಿ ಅಗಳು ಬಿದ್ದಾಗಿದೆ, ಜಾಗ ಆಚೆ ಹೋಗಿದೆ. ಸ್ಥಳ ಅಳೆಯಲು ಕೋರ್ಟು ಕಮಿಷನರ್ ನೇಮಿಸಲಿ ಎಂದು ಅರ್ಜಿ ಹಾಕಿ.

ಅವಸರದ ವಿಷಯ ಒಂದಿದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ, ಕಾನೂನಿನ ದಾರಿ ಬಿಟ್ಟು ಜಮೀನಿನಿಂದ ಹೊರಹಾಕಿದವರ ಮೇಲೆ ಆರು ತಿಂಗಳೊಳಗೆ ದಾವೆ ಹಾಕಿದರೆ, ಹಕ್ಕು ಯಾರದು ಎಂದು ನೋಡದೆ ಸ್ವಾಧೀನ ವಾಪಸು ಕೊಡಿಸುತ್ತಾರೆ. ನಿನ್ನೆವರೆಗೆ ಮೆಣಸು ಕೊಯ್ದವರು ನೀವೇ ಎಂದು ತೋರಿಸಿದರೆ ಸಾಕು. ಜೆಸಿಬಿ ಬಂದ ದಿನದಿಂದ ಲೆಕ್ಕ ಹಾಕಿ. ಆರು ತಿಂಗಳು ದಾಟಿದ್ದರೆ ಈ ದಾರಿ ಮುಚ್ಚಿತು. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು ಆಗಲೂ 12 ವರ್ಷ ಇರುತ್ತದೆ. "ಅದು ಆದೇಶದಲ್ಲಿ ಇಲ್ಲದಿದ್ದರೂ 12 ವರ್ಷಕ್ಕಿಂತ ಜಾಸ್ತಿ ನಮ್ಮ ಕೈಯಲ್ಲಿದೆ" ಎಂಬ ವಾದವನ್ನು ಕೆಲವರು ಹೇಳಿಕೊಡುತ್ತಾರೆ. 2019ರಿಂದ ವಾದಿಯೂ ಪ್ರತಿಕೂಲ ಸ್ವಾಧೀನದ ಮೇಲೆ ದಾವೆ ಹಾಕಬಹುದು, ನಿಜ. ಆದರೆ "ಇದು ನಮಗೆ ಮಂಜೂರಾದ ಜಾಗ" ಮತ್ತು "ಇದು ಅವರದೇ, ಆದರೆ ನಾವು ಬಹಿರಂಗವಾಗಿ ಹಿಡಿದಿದ್ದೆವು" ಇವೆರಡನ್ನೂ ಒಂದೇ ಬಾಯಲ್ಲಿ ಹೇಳುವುದು ಕಷ್ಟ. ಮೊದಲನೆಯದನ್ನೇ ಗಟ್ಟಿಯಾಗಿ ಹಿಡಿಯಿರಿ.

ಭೂಕಬಳಿಕೆ ವಿಶೇಷ ನ್ಯಾಯಾಲಯ ನಿಮ್ಮ ಜಗಳಕ್ಕಲ್ಲ. 2011ರ ಭೂಕಬಳಿಕೆ ನಿಷೇಧ ಕಾಯ್ದೆ ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಮುಜರಾಯಿ ಮುಂತಾದವರ ಜಮೀನಿಗೆ. ಖಾಸಗಿಯವರಿಬ್ಬರ ಬೇಲಿ ಜಗಳಕ್ಕೆ ಅದು ಬರುವುದಿಲ್ಲ. ಆ ನ್ಯಾಯಾಲಯದ ರಚನೆ ಭೂ ನ್ಯಾಯಮಂಡಳಿಗಿಂತ ಬೇರೆ. ಅಧ್ಯಕ್ಷರು ಹೈಕೋರ್ಟ್ ನ್ಯಾಯಮೂರ್ತಿ ಆಗಿದ್ದವರು, ಜೊತೆಗೆ ನ್ಯಾಯಾಂಗದ ಇಬ್ಬರು, ಕಂದಾಯದ ಇಬ್ಬರು. ನ್ಯಾಯಾಂಗದ ಸ್ವಾತಂತ್ರ್ಯದ ಪರೀಕ್ಷೆಯಲ್ಲಿ ಹೀಗೆ ಕಟ್ಟಿದ ಮಂಡಳಿ ಸುಲಭವಾಗಿ ನಿಲ್ಲುತ್ತದೆ. 1974ರಲ್ಲೇ ಹೀಗೆ ಯೋಚಿಸಬಹುದಿತ್ತು.

ಆದರೆ ಅಳತೆಯಲ್ಲಿ ಇನ್ನೊಂದು ಹೊರಬರಬಹುದು. ಆ ಅರ್ಧ ಎಕರೆ ನಿಮ್ಮದೂ ಅಲ್ಲ ಅವರದೂ ಅಲ್ಲ, ಬಿ ಖರಾಬು ಅಥವಾ ಗೋಮಾಳ ಎಂದಾಗಿಬಿಟ್ಟರೆ? ಹಳ್ಳದ ಪಕ್ಕ, ಹಳೇ ಗಾಡಿ ದಾರಿಯ ಪಕ್ಕ ಇದ್ದರೆ ಈ ಸಾಧ್ಯತೆ ಇದ್ದೇ ಇದೆ. ಖರಾಬು ಅಂದರೆ ಸಾಗುವಳಿಗೆ ಬಾರದ್ದು ಎಂದು ದಾಖಲೆಯಲ್ಲಿ ಬರೆದ ಜಾಗ. ಎ ಖರಾಬು ಹಿಡುವಳಿದಾರನ ಜೊತೆ ಹೋಗುತ್ತದೆ. ಬಿ ಖರಾಬು ಸಾರ್ವಜನಿಕರದು. ಆಗ ಸರ್ಕಾರಿ ಜಾಗದ ಒತ್ತುವರಿ ಎಂಬ ಮಾತು ನಿಮ್ಮಿಬ್ಬರ ಮೇಲೂ ತಿರುಗಬಹುದು. ಹಾಗಾಗಿ ಆ ನ್ಯಾಯಾಲಯಕ್ಕೆ ದೂರು ಬರೆಯುವ ಮುಂಚೆ ಆಕಾರಬಂದ್ ಒಮ್ಮೆ ನೋಡಿ. ಪಕ್ಕದವರನ್ನು ಸಿಕ್ಕಿಸಲು ಹೋಗಿ ತಮ್ಮ ಮೆಣಸಿನ ಬಳ್ಳಿಯನ್ನೇ ಸರ್ಕಾರಕ್ಕೆ ಬರೆದುಕೊಟ್ಟವರು ಇದ್ದಾರೆ.

ಊರಿನ ಹಿರಿಯರನ್ನು ಕೂರಿಸಿ ಮಾತಾಡುವ ದಾರಿಯೂ ಇದೆ. ಗಡಿ ವಿಷಯದಲ್ಲಿ ನನಗೆ ಅದರ ಮೇಲೆ ಗೌರವ ಇದೆ, ಯಾಕೆಂದರೆ ಯಾವ ಮರ ಯಾರು ನೆಟ್ಟರು ಎಂದು ಸರ್ವೆಯವರಿಗೆ ಗೊತ್ತಿಲ್ಲ, ಹಿರಿಯರಿಗೆ ಗೊತ್ತು. ಆದರೆ ಅಲ್ಲಿ ಬರೆದ ಮುಚ್ಚಳಿಕೆಗೆ ಕೋರ್ಟಿನ ಆದೇಶದ ಬಲ ಇಲ್ಲ, ಜಮೀನಿನ ಹಕ್ಕು ಬಿಟ್ಟುಕೊಡುವ ಕಾಗದವಾದರೆ ನೋಂದಣಿಯೂ ಆಗಬೇಕು. ಮಾತು ಕುದುರಿದರೆ ಅದನ್ನು ಲೋಕ ಅದಾಲತ್ತಿನ ಮುಂದಿಡಿ. ಅಲ್ಲಿ ದಾಖಲಾದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಸಹಿ ಹಾಕುವ ಮುಂಚೆ ರಾಜಿಯ ಜೊತೆ ಸರ್ವೆ ಸ್ಕೆಚ್ಚು ಲಗತ್ತಾಗಿದೆಯೇ, ಅದರಲ್ಲಿ ಅಗಳು ಮತ್ತು ಹೊಸ ಕಲ್ಲುಗಳ ಜಾಗ ಗುರುತಾಗಿದೆಯೇ ನೋಡಿ. ಖರ್ಚಿನ ಯೋಚನೆ ಇದ್ದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ. ಜಮೀನು ಈಗ ನಿಮ್ಮ ತಾಯಿಯ ಹೆಸರಿನಲ್ಲಿದ್ದರೆ ಅರ್ಜಿಯನ್ನು ಅವರ ಹೆಸರಿನಲ್ಲೇ ಹಾಕಿ.